ಬೆಳಗ್ಗೆ ಏನೂ ಬೇಡ ಅನ್ನುವ 15ರ ಮಗಳಿಗೆ ಎಂತ ಕೊಡಬಹುದು?

ಪೆರ್ಲದ ಅಮ್ಮ:

ಮಗಳು ಹತ್ತನೇ ಕ್ಲಾಸು. 6.45ಕ್ಕೆ ಏಳ್ತಾಳೆ, 7.40ಕ್ಕೆ ಸ್ಕೂಲ್ ವ್ಯಾನು. ಅಷ್ಟರಲ್ಲಿ ಹೊಟ್ಟೆಗೆ ಹೋಗುವುದು ಒಂದು ಗ್ಲಾಸ್ ಚಾ ಮಾತ್ರ. ತೆಳ್ಳವು (ನೀರುದೋಸೆ), ಉದ್ದಿನ ದೋಸೆ, ಸಜ್ಜಿಗೆ (ಉಪ್ಪಿಟ್ಟು), ಪುಟ್ಟು ಎಲ್ಲ ಮಾಡಿ ಆಯಿತು. ಎರಡು ತುಂಡು ಮುರಿದು ತಟ್ಟೆ ದೂಡ್ತಾಳೆ, ಒತ್ತಾಯ ಮಾಡಿದರೆ ವಾಕರಿಕೆ ಬರ್ತದೆ ಅಂತಾಳೆ. 10.45ಕ್ಕೆ ಹತ್ತು ನಿಮಿಷದ ಇಂಟರ್‌ವಲ್, 12.45ಕ್ಕೆ ಊಟ. ಸಂಜೆ 5ಕ್ಕೆ ಬಂದ ಕೂಡಲೇ ಮಿಕ್ಸ್‌ಚರ್, ಬಿಸ್ಕೆಟ್, ಬಾಳೆಕಾಯಿ ಚಿಪ್ಸು, ಕೈಗೆ ಸಿಕ್ಕಿದ್ದೆಲ್ಲ ಆಗ್ತದೆ. 6.30ರಿಂದ ಟ್ಯೂಷನ್, ರಾತ್ರಿ ಊಟ 9.30ಕ್ಕೆ, ಮಲಗುವಾಗ 11.30. ಮನೆಯಲ್ಲಿ ಮೊಟ್ಟೆ ಇಲ್ಲ, ಹಾಲು ಮೊಸರು ಧಾರಾಳ ಉಂಟು. ಎಷ್ಟು, ಹೇಗೆ ಮಾಡುವುದು ಅಂತ ಅಳತೆ ಸಮೇತ ಹೇಳಿದರೆ ಉಪಕಾರ.

ಬದಿಯಡ್ಕ ಅಡುಗೆಮನೆ:

ಅಕ್ಕ, ಬೆಳಗ್ಗಿನ ತಟ್ಟೆಗಿಂತ ಮೊದಲು ರಾತ್ರಿಯ ತಟ್ಟೆ ನೋಡಿ. 9.30ಕ್ಕೆ ಅನ್ನ ಸಾಂಬಾರು ಉಂಡು 11.30ಕ್ಕೆ ಮಲಗಿದವಳಿಗೆ 7 ಗಂಟೆಗೆ ಹಸಿವಾಗುವುದಿಲ್ಲ. ಅದು ಹಠ ಅಲ್ಲ. ಹದಿಹರೆಯದಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ರಾತ್ರಿ ಒಂದೆರಡು ಗಂಟೆ ತಡವಾಗಿಯೇ ಏರುವುದು. ಹಾಗಾಗಿ 6.45ಕ್ಕೆ ಅವಳು ಎದ್ದು ಕೂತರೂ ದೇಹಕ್ಕೆ ಅದಿನ್ನೂ ನಡುನಿದ್ದೆಯ ಹೊತ್ತು. ಈ ಪ್ರಾಯಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು, ನಿಮ್ಮ ಮಗಳಿಗೆ ಸಿಗುವುದು ಏಳು ಕಾಲು.

ಸಂಜೆ 5ರ ಹಸಿವು ನಿಜವಾದ ಹಸಿವು. ಅದನ್ನು ಚಿಪ್ಸಿಗೆ ಕೊಡಬೇಡಿ. ಬೆಳಗ್ಗೆ ಮಾಡುವ ದೋಸೆ, ಪುಟ್ಟು-ಕಡಲೆಯನ್ನು ಸಂಜೆಗೆ ದಾಟಿಸಿ. ಬೆಳಗ್ಗಿನ ತಿಂಡಿಯನ್ನು ಸಂಜೆ ತಿನ್ನಬಾರದು ಅಂತ ಎಲ್ಲಿಯೂ ಇಲ್ಲ. 5.15ಕ್ಕೆ ಮೂರು ದೋಸೆ, ಒಂದು ಸೌಟು ಕಡಲೆ ಗಸಿ (ಕಾಯಿ ಅರೆದು ಹಾಕಿದ ದಪ್ಪ ಸಾರು) ಸರಿಯಾಗಿ ಹೋದರೆ ರಾತ್ರಿ ಟ್ಯೂಷನ್ ಮುಗಿಸಿ ಬಂದವಳಿಗೆ ಒಂದು ಬಟ್ಟಲು ಕುಚ್ಚಿಲಕ್ಕಿ ಗಂಜಿ, ಪಲ್ಯ, ಮೊಸರು ಸಾಕು. ಇಷ್ಟು ಬದಲಾದರೆ ಒಂದೆರಡು ವಾರದಲ್ಲಿ ಬೆಳಗ್ಗೆ ತಾನಾಗಿ ಸ್ವಲ್ಪ ಹಸಿವು ಕಾಣಿಸಿಕೊಳ್ತದೆ.

ಬೆಳಗ್ಗಿನದ್ದನ್ನು ಎರಡು ಪಾಲು ಮಾಡಿ. ಮನೆಯಲ್ಲಿ ಕುಡಿಯುವಂಥದ್ದು ಅಥವಾ ನಾಲ್ಕು ತುತ್ತಿನದ್ದು, ಉಳಿದದ್ದು 10.45ರ ಡಬ್ಬಿಗೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹಾಕಿದ ಲೆಕ್ಕದಲ್ಲಿ 13ರಿಂದ 15ರ ಹುಡುಗಿಯರಿಗೆ ದಿನಕ್ಕೆ 43 ಗ್ರಾಂ ಪ್ರೋಟೀನ್ ಬೇಕು. ಎರಡೂ ಪಾಲು ಸೇರಿ 12ರಿಂದ 15 ಗ್ರಾಂ ಬಂದರೆ ಬೆಳಗ್ಗಿನ ಮಟ್ಟಿಗೆ ಧಾರಾಳ ಆಯಿತು. ನಮ್ಮ ಕಡೆಯ ತಿಂಡಿಗಳ ತೊಂದರೆ ಇರುವುದು ಇಲ್ಲಿಯೇ. ತೆಳ್ಳವು ಅಂದರೆ ಬರೀ ಅಕ್ಕಿ. ಮೂರು ತೆಳ್ಳವನ್ನು ಕಾಯಿ-ಬೆಲ್ಲದಲ್ಲಿ ತಿಂದರೆ ಹೊಟ್ಟೆ ತುಂಬ್ತದೆ, ಪ್ರೋಟೀನ್ 6 ಗ್ರಾಂ ದಾಟುವುದಿಲ್ಲ, 10 ಗಂಟೆಗೆ ಪುನಃ ಹಸಿವು.

ಮಾಡಿ ನೋಡಿ: ಹೆಸರುಕಾಳಿನ ದೋಸೆ. ಒಂದು ಗ್ಲಾಸ್ (200 ಗ್ರಾಂ) ಹೆಸರುಕಾಳು, ಕಾಲು ಗ್ಲಾಸ್ ಬೆಳ್ತಿಗೆ (ಬಿಳಿ) ಅಕ್ಕಿ ಒಟ್ಟಿಗೆ ರಾತ್ರಿ ನೆನೆಹಾಕಿ. ಬೆಳಗ್ಗೆ ಒಂದು ಇಂಚು ಶುಂಠಿ, ಒಂದು ಹಸಿಮೆಣಸು, ಅರ್ಧ ಚಮಚ ಜೀರಿಗೆ, ಉಪ್ಪು ಹಾಕಿ ನುಣ್ಣಗೆ ಕಡೆಯಿರಿ. ಕಡೆದ ಕೂಡಲೇ ಎರೆಯಬೇಕು, ಹುಳಿ ಬರಿಸುವ ಹಿಟ್ಟು ಇದಲ್ಲ. ಹೊರಗೆ ಇಟ್ಟರೆ ಮೂರ್ನಾಲ್ಕು ಗಂಟೆಯಲ್ಲಿ ಕೆಟ್ಟ ವಾಸನೆ ಹಿಡೀತದೆ, ಫ್ರಿಡ್ಜಿನಲ್ಲಿ ಒಂದು ದಿನ ಆಗ್ತದೆ. ಇಷ್ಟರಲ್ಲಿ ಹತ್ತು ದೋಸೆ ಬರ್ತದೆ, ಒಂದರಲ್ಲಿ ಸುಮಾರು 5 ಗ್ರಾಂ ಪ್ರೋಟೀನ್. ಹರಡುವಾಗ ಹಿಟ್ಟು ಸೌಟಿಗೆ ಎಳೆದುಕೊಂಡು ಬಂದರೆ ಕಾವಲಿ ಹೆಚ್ಚು ಕಾದಿದೆ ಅಂತ ಅರ್ಥ. ಒಂದು ಚಿಮುಕು ನೀರು ಹಾಕಿ, ಒರೆಸಿ, ಮತ್ತೆ ಎರೆಯಿರಿ.

ಮುಳ್ಳೇರಿಯ:

ಚಾದ ವಿಷಯ ಯಾರೂ ಹೇಳಲಿಲ್ಲ. ಖಾಲಿ ಹೊಟ್ಟೆಗೆ ಬಿಸಿ ಸಿಹಿ ಚಾ ಹೋದರೆ ಇದ್ದ ಚೂರು ಹಸಿವೂ ಸಾಯ್ತದೆ, ಕೆಲವರಿಗೆ ವಾಕರಿಕೆ ಬರುವುದೂ ಅದರಿಂದಲೇ. ಊಟ ತಿಂಡಿಯ ಜೊತೆಗೆ ಕುಡಿದರೆ ಚಾದ ಒಗರು ಕಬ್ಬಿಣವನ್ನು ಮೈಗೆ ಹತ್ತಲಿಕ್ಕೆ ಬಿಡುವುದಿಲ್ಲ. ಒಮ್ಮೆಗೇ ನಿಲ್ಲಿಸಿದರೆ ತಲೆನೋವು, ಜಗಳ ಎರಡೂ ಶುರು ಆಗ್ತದೆ. ಎದ್ದ ಕೂಡಲೇ ಒಂದು ಗ್ಲಾಸ್ ಉಗುರುಬೆಚ್ಚಗಿನ ನೀರು ಕೊಡಿ, ಚಾ ಅರ್ಧ ಗ್ಲಾಸ್ ಮಾಡಿ, ಆಮೇಲೆ ಮೆಲ್ಲ ಸಂಜೆಗೆ ದಾಟಿಸಿ. ಎದ್ದ ಅರ್ಧ ಗಂಟೆ ತಿನ್ನುವ ಸುದ್ದಿಯೇ ಬೇಡ. ಸ್ನಾನ, ಜಡೆ ಎಲ್ಲ ಮುಗಿದು 7.20ಕ್ಕೆ ಕೊಟ್ಟದ್ದು ಒಳಗೆ ಹೋಗ್ತದೆ.

ಕುಡಿಯಲಿಕ್ಕೆ ರಾಗಿ ಒಳ್ಳೆಯದು. ಒಬ್ಬರಿಗೆ ಎರಡು ದೊಡ್ಡ ಚಮಚ (15 ಗ್ರಾಂ) ರಾಗಿ ಹುಡಿ. ಅದನ್ನು ಅರ್ಧ ಗ್ಲಾಸ್ ತಣ್ಣೀರಿನಲ್ಲಿ ಕದಡಿಯೇ ಒಲೆಗೆ ಇಡಬೇಕು, ಬಿಸಿ ನೀರಿಗೆ ಹುಡಿ ಹಾಕಿದರೆ ಗಂಟು ಕಟ್ಟಿ ಒಳಗೆ ಹಸಿ ಉಳೀತದೆ. ಮತ್ತೆ ಮುಕ್ಕಾಲು ಗ್ಲಾಸ್ ನೀರು ಸೇರಿಸಿ ಸಣ್ಣ ಉರಿಯಲ್ಲಿ ಆರೇಳು ನಿಮಿಷ ತಿರುವುತ್ತಾ ಬೇಯಿಸಿ. ಬಣ್ಣ ಗಾಢವಾಗಿ ಮೇಲೆ ಹೊಳಪು ಬಂದಾಗ ಬೆಂದಿದೆ. ಮಂದ ಬಿಳಿಚು ಬಣ್ಣ ಇದ್ದರೆ ಇನ್ನೂ ಹಸಿ, ಅದನ್ನು ಕುಡಿದರೆ ಹೊಟ್ಟೆ ಉಬ್ಬರಿಸ್ತದೆ. ಇಳಿಸಿ ಬೆಲ್ಲ, ಚಿಟಿಕೆ ಉಪ್ಪು, ಏಲಕ್ಕಿ ಹುಡಿ, ಅರ್ಧ ಗ್ಲಾಸ್ ಹಾಲು. ಬೆಳಗ್ಗೆ ಸಿಹಿ ಹಿಡಿಸದವರಿಗೆ ಪೂರ್ತಿ ತಣಿಸಿ ಒಂದು ಗ್ಲಾಸ್ ಮಜ್ಜಿಗೆ, ಉಪ್ಪು, ಜಜ್ಜಿದ ಶುಂಠಿ, ಕರಿಬೇವಿನ ಸೊಪ್ಪು ಹಾಕಿ. ವಾಕರಿಕೆ ಇರುವ ಮಕ್ಕಳಿಗೆ ನನ್ನ ಮತ ಈ ಮಜ್ಜಿಗೆಯದ್ದಕ್ಕೇ.

ರಾಗಿಯಲ್ಲಿ ಕ್ಯಾಲ್ಸಿಯಂ ಬೇಕಾದಷ್ಟು ಅಂತ ಎಲ್ಲರೂ ಹೇಳ್ತಾರೆ. ನೂರು ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಇರುವುದು ಹೌದು, ಆದರೆ ನಾವು ಹಾಕುವುದು 15 ಗ್ರಾಂ, ಬರುವುದು 50ರ ಆಸುಪಾಸು. ಅವಳಿಗೆ ದಿನಕ್ಕೆ 1000 ಬೇಕು. ಹಾಲು ಮೊಸರು ಸೇರಿಸದೆ ಬರೀ ರಾಗಿ ನೀರು ಕೊಟ್ಟು ಸಮಾಧಾನ ಪಟ್ಟುಕೊಳ್ಳಬೇಡಿ.

ಮೊಳಕೆ ಬರಿಸಿದ ರಾಗಿಯ ಹುಡಿಯಾದರೆ ಇನ್ನೂ ಒಳ್ಳೆಯದು. ಮೊಳಕೆಯಲ್ಲಿ ಪಿಷ್ಟ ಸ್ವಲ್ಪ ಒಡೆದಿರುವುದರಿಂದ ಅಂಬಲಿ ಅಷ್ಟು ದಪ್ಪ ಆಗುವುದಿಲ್ಲ, ಅದೇ ಗ್ಲಾಸಿಗೆ ಮೂರು ಚಮಚ ಹಿಡೀತದೆ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದರಿಂದ ಒಂದೂವರೆ ದಿನ ಇಟ್ಟು, ಸಣ್ಣ ಬಿಳಿ ಮೊಳಕೆ ಕಂಡ ಕೂಡಲೇ ಬಿಸಿಲಿಗೆ ಹರಡಿ. ಹಲ್ಲಿಗೆ ಇಟ್ಟರೆ ಕಟ್ ಅನ್ನಬೇಕು, ಆಮೇಲೆ ಹುರಿದು ಮಿಲ್ಲಿಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಳೆ, ಈ ಕೆಲಸಕ್ಕೆ ಕೈ ಹಾಕಬೇಡಿ. ಒಣಗುವ ಮೊದಲೇ ಬೂಸ್ಟು ಬರ್ತದೆ, ಬೂಸ್ಟು ಕಂಡ ರಾಗಿಯನ್ನು ಹುರಿದು ಸರಿ ಮಾಡಲಿಕ್ಕೆ ಆಗುವುದಿಲ್ಲ, ಎಸೆಯಬೇಕು.

ಪೆರ್ಲದ ಅಮ್ಮ:

ಸಂಜೆಗೆ ದೋಸೆ ಕೊಡುವುದು ತಲೆಗೆ ಹೊಳೆದೇ ಇರಲಿಲ್ಲ, ನಾಳೆಯಿಂದಲೇ ಶುರು. ಎರಡು ಸಂಶಯ. ಬೆಲ್ಲ ಹಾಕಿದರೆ ಹಾಲು ಒಡೀತದೆ, ಯಾಕೆ? ಮತ್ತೆ ವ್ಯಾನಿನಲ್ಲಿ ತಿರುವು ಜಾಸ್ತಿ, ಹಾಲು ಕುಡಿದು ಹೋದ ದಿನ ವಾಂತಿ ಬಂದ ಹಾಗೆ ಆಗ್ತದೆ ಅಂತಾಳೆ. ಡಬ್ಬಿಗೆ ಹಾಕಿದ್ದು ಎಷ್ಟೋ ದಿನ ಹಾಗೇ ವಾಪಸು.

ಮುಳ್ಳೇರಿಯ:

ಬೆಲ್ಲದಲ್ಲಿ ಸ್ವಲ್ಪ ಹುಳಿಯ ಅಂಶ ಇರ್ತದೆ, ಕುದಿಯುವ ಹಾಲಿಗೆ ಬಿದ್ದರೆ ಒಡೀತದೆ. ಬೆಲ್ಲವನ್ನು ರಾಗಿಯಲ್ಲೇ ಕರಗಿಸಿ, ಒಲೆಯಿಂದ ಇಳಿಸಿ, ಬೆರಳು ಇಡುವಷ್ಟು ಬಿಸಿಗೆ ಬಂದ ಮೇಲೆ ಕಾದು ಆರಿದ ಹಾಲು ಸೇರಿಸಿ.

ಕುಂಬಳೆ:

ವ್ಯಾನಿನ ವಿಷಯ ಹೇಳಿದ್ದು ಒಳ್ಳೆಯದಾಯಿತು, ಹಾಗಾದರೆ ಕ್ರಮವೇ ಬೇರೆ. ತಿರುವಿನ ದಾರಿಯಲ್ಲಿ ಹೊಟ್ಟೆ ತುಂಬಾ ಹಾಲು, ಎಣ್ಣೆ ತಿಂಡಿ ಇದ್ದರೂ ಕಷ್ಟ, ಪೂರ್ತಿ ಖಾಲಿ ಇದ್ದರೂ ಕಷ್ಟ. ಹೊರಡುವ ಮೊದಲು ಒಣಗಿದ್ದು ಸ್ವಲ್ಪ ಕೊಡಿ, ಕುಡಿಯುವುದು ಕಾಲು ಗ್ಲಾಸಿಗಿಂತ ಹೆಚ್ಚು ಬೇಡ. ಹಾಲು-ರಾಗಿ ಸಂಜೆಗೆ ಅಥವಾ ರಜೆಯ ದಿನಕ್ಕೆ ಇರಲಿ. ವ್ಯಾನಿನಲ್ಲಿ ಎದುರಿನ ಸೀಟು ಕೇಳಿ, ಮೊಬೈಲು, ಪುಸ್ತಕ ನೋಡದೆ ದೂರದ ರಸ್ತೆ ನೋಡಿಕೊಂಡು ಕೂರಲಿ.

ಒಣಗಿದ್ದು ಅಂದರೆ ನೆಲಗಡಲೆ-ಎಳ್ಳಿನ ಉಂಡೆ. ಒಂದು ಗ್ಲಾಸ್ (150 ಗ್ರಾಂ) ನೆಲಗಡಲೆ, ಅರ್ಧ ಗ್ಲಾಸ್ ಎಳ್ಳು, 120 ಗ್ರಾಂ ಬೆಲ್ಲ. ಕಡಲೆ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ಉಜ್ಜಿ ತೆಗೆಯಿರಿ. ಎಳ್ಳು ಬೇರೆಯೇ ಹುರಿಯಿರಿ, ಚಟಪಟ ನಿಲ್ಲುವಾಗ ಇಳಿಸಿ, ಒಂದು ನಿಮಿಷ ಮೀರಿದರೂ ಕಹಿ. ಎರಡೂ ಪೂರ್ತಿ ಆರಿದ ಮೇಲೆ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸವನೆ ತಿರುಗಿಸಿದರೆ ಎಣ್ಣೆ ಬಿಟ್ಟು ಉಂಡೆ ಜಿಡ್ಡಾಗ್ತದೆ, ಅದೇ ಅವಳಿಗೆ ವಾಕರಿಕೆ ತರುವುದು. ತುರಿದ ಬೆಲ್ಲ ಹಾಕಿ ಇನ್ನೊಂದು ಸುತ್ತು, 15 ಉಂಡೆ ಕಟ್ಟಿ. ಒಂದರಲ್ಲಿ 3 ಗ್ರಾಂಗಿಂತ ಸ್ವಲ್ಪ ಹೆಚ್ಚು ಪ್ರೋಟೀನ್, 115ರಷ್ಟು ಕ್ಯಾಲೊರಿ. ಎರಡು ಉಂಡೆ ಕೈಯಲ್ಲಿ ಹಿಡಿದುಕೊಂಡೇ ಹೊರಡಬಹುದು, ತಟ್ಟೆಯ ಎದುರು ಕೂರುವ ಪಂಚಾತಿಕೆಯೇ ಇಲ್ಲ. ಇಲ್ಲದಿದ್ದರೆ ಅರ್ಧ ನೇಂದ್ರ ಬಾಳೆಹಣ್ಣು, ಸಿಪ್ಪೆ ಸಮೇತ 10 ನಿಮಿಷ ಹಬೆಯಲ್ಲಿ ಬೇಯಿಸಿದ್ದು. ತೀರ ಹಣ್ಣಾದರೆ ಹಬೆಯಲ್ಲಿ ಮೆದುವಾಗಿ ನೀರು ಬಿಡ್ತದೆ, ಹಳದಿಗೆ ತಿರುಗಿ ಕಪ್ಪು ಚುಕ್ಕೆ ಬರುವ ಮೊದಲು ತೆಗೆದುಕೊಳ್ಳಿ. ನೇಂದ್ರದಲ್ಲಿ ಪ್ರೋಟೀನ್ ಕಡಿಮೆ, ಜೊತೆಗೆ ಒಂದು ಹಿಡಿ ಹುರಿದ ನೆಲಗಡಲೆ ಬೇಕು.

ಡಬ್ಬಿ ವಾಪಸು ಬರುವುದಕ್ಕೆ ರುಚಿ ಒಂದೇ ಕಾರಣ ಅಲ್ಲ. ಹತ್ತು ನಿಮಿಷದಲ್ಲಿ ಕೈ ತೊಳೆದು, ಗಸಿ ಮುಚ್ಚಳ ತೆಗೆದು, ತಿಂದು, ಮತ್ತೆ ಕೈ ತೊಳೆಯಲಿಕ್ಕೆ ಆಗುವುದಿಲ್ಲ. ವಾಸನೆ ಬರುವ ಡಬ್ಬಿಯನ್ನು ಈ ಪ್ರಾಯದ ಮಕ್ಕಳು ಗೆಳತಿಯರ ಎದುರು ತೆರೆಯುವುದೇ ಇಲ್ಲ. ಕೈ ಅಂಟದ, ಎರಡು ಬೆರಳಲ್ಲಿ ಎತ್ತುವಂಥದ್ದು ಹಾಕಿ. ಹೆಸರುದೋಸೆಗೆ ಒಣ ಕಾಯಿ ಚಟ್ನಿ ಸವರಿ, ಸುರುಳಿ ಸುತ್ತಿ, ಮೂರು ತುಂಡು ಮಾಡಿ. ಪೂರ್ತಿ ಆರಿದ ಮೇಲೆಯೇ ಮುಚ್ಚಳ ಹಾಕಿ. ಬಿಸಿಯಲ್ಲಿ ಮುಚ್ಚಿದರೆ ಮುಚ್ಚಳದ ಒಳಗೆ ಬೆವರಿದ ನೀರು ಹನಿ ಹನಿಯಾಗಿ ದೋಸೆಯ ಮೇಲೆ ಬಿದ್ದು, 10.45ಕ್ಕೆ ತೆರೆಯುವಾಗ ಒಂದಕ್ಕೊಂದು ಅಂಟಿ ಮುದ್ದೆ. ಅವಲಕ್ಕಿಗೆ ಹಸಿ ಕಾಯಿ ಬೆರೆಸಿ ಕಳಿಸಬೇಡಿ, ಸೆಕೆಗಾಲದಲ್ಲಿ ಹಳಸ್ತದೆ. ಗಟ್ಟಿ ಅವಲಕ್ಕಿಯನ್ನು ಗರಿಗರಿ ಹುರಿದು, ಹುರಿಗಡಲೆ, ನೆಲಗಡಲೆ, ಕರಿಬೇವಿನ ಸೊಪ್ಪಿನ ಒಗ್ಗರಣೆ ಕೊಟ್ಟು, ಒಂದು ಚಮಚವೂ ಡಬ್ಬಿಯಲ್ಲೇ ಇರಲಿ.

ಮೊಟ್ಟೆ ತಿನ್ನುವ ಮನೆಯವರು ಯಾರಾದರೂ ಓದುತ್ತಿದ್ದರೆ: ನೀರು ಕುದಿಯಲು ಹಿಡಿದ ಮೇಲೆ 9 ನಿಮಿಷ, ಕೂಡಲೇ ತಣ್ಣೀರಿಗೆ. ಹೆಚ್ಚು ಬೆಂದರೆ ಹಳದಿಯ ಸುತ್ತ ಹಸಿರು ಉಂಗುರ ಬಂದು ಗಂಧಕದ ವಾಸನೆ ಏಳ್ತದೆ.

ಮಂಜೇಶ್ವರ, ಆರೋಗ್ಯ ಕ್ಷೇತ್ರ:

ಮೇಡಂ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಆಗ್ತದೆ. ಈ ಪ್ರಾಯದ ಹುಡುಗಿಯರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, ಹಸಿವು ಸತ್ತುಹೋಗುವುದಕ್ಕೆ ಅದೂ ಕಾರಣ ಆಗಬಹುದು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣದ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗಿದರೆ ವಾಕರಿಕೆ ಆಗುವುದು ಸಹಜ, ಅದಕ್ಕೆ ಹೆದರಿ ಬಿಸಾಡುವ ಮಕ್ಕಳಿದ್ದಾರೆ. ಊಟದ ನಂತರ ನೀರಿನಲ್ಲಿ ತೆಗೆದುಕೊಳ್ಳಲಿ, ಚಾ ಹಾಲಿನ ಜೊತೆ ಬೇಡ. ಹೆಸರುಕಾಳು ತಿನ್ನುವಾಗ ಲಿಂಬೆ ಹಿಂಡಿದರೆ ಅದರ ಕಬ್ಬಿಣ ಚೆನ್ನಾಗಿ ಹೀರಿಕೊಳ್ತದೆ.

ತೂಕ ಇಳಿಯುತ್ತಾ ಇದ್ದರೆ, ಮುಟ್ಟು ತಿಂಗಳುಗಟ್ಟಲೆ ನಿಂತಿದ್ದರೆ, ದಿನಾ ಹೊಟ್ಟೆ ಉರಿ ಅಥವಾ ವಾಂತಿ ಇದ್ದರೆ, ದಪ್ಪ ಆಗ್ತೇನೆ ಅಂತ ರಾತ್ರಿಯ ಊಟವನ್ನೂ ತಪ್ಪಿಸುತ್ತಿದ್ದರೆ ತಿಂಡಿ ಬದಲಾಯಿಸುತ್ತಾ ಕೂರಬೇಡಿ, ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ. ಹಾಗೆ ಏನೂ ಇಲ್ಲದಿದ್ದರೆ ತಟ್ಟೆಯ ಎದುರು ಅವಳ ತೂಕದ ಮಾತು ಯಾರೂ ಎತ್ತದ ಹಾಗೆ ನೋಡಿಕೊಳ್ಳಿ, ಅಜ್ಜಿಯೂ ಸೇರಿ.

ಬದಿಯಡ್ಕ ಅಡುಗೆಮನೆ:

ಗಂಜಿಯ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ರಾತ್ರಿ ಗಂಜಿ ಇಡುವಾಗ ಮುಕ್ಕಾಲು ಗ್ಲಾಸ್ ಕುಚ್ಚಿಲಕ್ಕಿಗೆ ಕಾಲು ಗ್ಲಾಸ್ ಹೆಸರುಕಾಳು ಸೇರಿಸಿಯೇ ಬೇಯಿಸಿ. ಉಳಿದದ್ದನ್ನು ಒಲೆಯ ಮೇಲೆ ರಾತ್ರಿಯಿಡೀ ಬಿಡಬೇಡಿ, ಆರಿದ ಕೂಡಲೇ ಫ್ರಿಡ್ಜಿಗೆ. ಬೆಳಗ್ಗೆ ಕುದಿ ಬರಿಸಿ, ಆರಿಸಿ, ಮಜ್ಜಿಗೆ ಬೆರೆಸಿ ಒಂದು ಚಿಕ್ಕ ಬಟ್ಟಲು ಇಡಿ. ವ್ಯಾನಿಲ್ಲದ ಶನಿವಾರ ಇದರಿಂದ ಶುರು ಮಾಡಿದರೆ ಎಷ್ಟು ಹಿಡೀತದೆ ಅಂತ ಅವಳಿಗೇ ಗೊತ್ತಾಗ್ತದೆ.