ಬುರುಡೆ ‘ತೆಗೆದು’ ಎಂದರೆ ತೆರೆದೋ, ಹೊರಗಿಟ್ಟೋ?

ಮಿದುಳಿನ ಚಿಕಿತ್ಸೆಗಾಗಿ ಬುರುಡೆ ಕೊಯ್ಯುವ ಎರಡು ಶಸ್ತ್ರಚಿಕಿತ್ಸೆಗಳಾದ ಕ್ರೇನಿಯಾಟಮಿ ಮತ್ತು ಕ್ರೇನಿಯೆಕ್ಟಮಿಗೆ ಕನ್ನಡದಲ್ಲಿ ಬೇರೆಬೇರೆ ಪದ ಬೇಕಾಗಿದೆ. ಎರಡನ್ನೂ ‘ತಲೆಬುರುಡೆ ತೆಗೆದು ಮಾಡುವ ಶಸ್ತ್ರಚಿಕಿತ್ಸೆ’ ಎಂದು ಬರೆದರೆ ಓದುಗರಿಗೆ ಯಾವುದೆಂದು ತಿಳಿಯುವುದಿಲ್ಲ. ತೊಡಕಿರುವುದು ‘ತೆಗೆ’ ಎಂಬ ಕ್ರಿಯಾಪದದಲ್ಲೇ. ಬಾಗಿಲು ತೆಗೆ ಎಂದರೆ ತೆರೆ ಎಂದರ್ಥ, ಮುಳ್ಳು ತೆಗೆ ಎಂದರೆ ಕಿತ್ತುಹಾಕು ಎಂದರ್ಥ. ಈ ಎರಡು ಶಸ್ತ್ರಚಿಕಿತ್ಸೆಗಳ ನಡುವಿನ ಅಂತರವೂ ಅದೇ.

ಪೆಟ್ಟು ಬಿದ್ದು ಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿದಾಗ ಮಾಡುವ ಈ ಚಿಕಿತ್ಸೆಗಳ ಮೊದಲರ್ಧ ಎರಡರಲ್ಲೂ ಒಂದೇ. ತಲೆಯ ಚರ್ಮ ಕೊಯ್ದು ಮಡಚುತ್ತಾರೆ, ಡ್ರಿಲ್‌ನಿಂದ ಬುರುಡೆಗೆ ತೂತು ಕೊರೆಯುತ್ತಾರೆ, ತೂತಿನ ಮೂಲಕ ಮಿದುಳನ್ನು ಸುತ್ತಿರುವ ಡ್ಯೂರಾ ಪೊರೆಯನ್ನು ಮೂಳೆಯಿಂದ ಬಿಡಿಸುತ್ತಾರೆ. ವಯಸ್ಸಾದವರಲ್ಲಿ ಈ ಪೊರೆ ಮೂಳೆಗೆ ಬಿಗಿಯಾಗಿ ಅಂಟಿರುತ್ತದೆ. ಸರಿಯಾಗಿ ಬಿಡಿಸದೆ ಕತ್ತರಿಸಲು ಹೊರಟರೆ ಹರಿಯುತ್ತದೆ. ಆಮೇಲೆ ಕ್ರೇನಿಯೊಟೋಮ್‌ನಿಂದ ತೂತುಗಳ ನಡುವಿನ ಮೂಳೆ ಕೊಯ್ದು ಆ ತುಂಡನ್ನು ಎತ್ತುತ್ತಾರೆ, ಪೊರೆ ಬಿಚ್ಚಿ ಹೆಪ್ಪುಗಟ್ಟಿದ ರಕ್ತವನ್ನು ಹೊರತೆಗೆಯುತ್ತಾರೆ. ಹೆಸರು ಬದಲಾಗುವುದು ಮುಚ್ಚುವ ಹೊತ್ತಿಗೆ. ಮೂಳೆಯನ್ನು ಟೈಟೇನಿಯಂ ಪಟ್ಟಿ, ಸ್ಕ್ರೂ ಹಾಕಿ ಅಲ್ಲೇ ಕೂರಿಸಿದರೆ ಕ್ರೇನಿಯಾಟಮಿ. ಮಿದುಳು ಊದಿಕೊಳ್ಳಲು ಜಾಗವಿರಲಿ ಎಂದು ಮೂಳೆ ಹಾಕದೆ ಚರ್ಮವನ್ನಷ್ಟೇ ಹೊಲಿದರೆ ಕ್ರೇನಿಯೆಕ್ಟಮಿ.

ಇದು ಬರೀ ಪಂಡಿತರ ಜಗಳವಲ್ಲ. ಮೂಳೆ ಇಲ್ಲದ ಕಡೆ ಮಿದುಳಿಗೂ ಹೊರಗಿನ ಪೆಟ್ಟಿಗೂ ನಡುವೆ ಇರುವುದು ಚರ್ಮ ಮತ್ತು ಪೊರೆ ಮಾತ್ರ. ಆ ಮಗ್ಗುಲಿಗೆ ಭಾರ ಬಿಟ್ಟು ಮಲಗಿಸಬಾರದು, ಓಡಾಡುವಾಗ ಹೆಲ್ಮೆಟ್ ಬೇಕು. ‘ಬುರುಡೆ ತೆಗೆದು ಆಪರೇಷನ್ ಆಗಿದೆ’ ಎಂದಷ್ಟೇ ಕೇಳಿಸಿಕೊಂಡ ಮನೆಯವರಿಗೆ ಇದು ಹೇಗೆ ಹೊಳೆಯಬೇಕು?

2023ರಲ್ಲಿ ಪ್ರಕಟವಾದ ರೆಸ್ಕ್ಯೂ-ಎಎಸ್‌ಡಿಎಚ್ ಎಂಬ ಅಧ್ಯಯನ ನಿಂತದ್ದೇ ಈ ಭೇದದ ಮೇಲೆ. ಪೆಟ್ಟು ಬಿದ್ದು ಡ್ಯೂರಾ ಕೆಳಗೆ ರಕ್ತ ಹೆಪ್ಪುಗಟ್ಟಿದ 450 ಜನರನ್ನು, ರಕ್ತ ತೆಗೆದಾದ ಮೇಲೆ, ಶಸ್ತ್ರಚಿಕಿತ್ಸೆಯ ನಡುವೆಯೇ ಎರಡು ಗುಂಪಾಗಿ ವಿಂಗಡಿಸಿದರು. ಎತ್ತಿದ ಮೂಳೆ ಮುಂದಿನಿಂದ ಹಿಂದಕ್ಕೆ ಕನಿಷ್ಠ 11 ಸೆಂ.ಮೀ. ಇರಬೇಕಿತ್ತು. ಒಂದು ಗುಂಪಿಗೆ ಮೂಳೆ ಮರಳಿ ಹಾಕಿದರು, ಇನ್ನೊಂದಕ್ಕೆ ಹಾಕಲಿಲ್ಲ. 12 ತಿಂಗಳ ಬಳಿಕ ರೋಗಿಗಳ ಸ್ಥಿತಿ ಹೆಚ್ಚುಕಡಿಮೆ ಒಂದೇ. ಆದರೆ ಎರಡು ವಾರದೊಳಗೆ ಮತ್ತೆ ಬುರುಡೆಯ ಶಸ್ತ್ರಚಿಕಿತ್ಸೆ ಬೇಕಾದವರು ಮೂಳೆ ಹಾಕಿದವರಲ್ಲಿ ಶೇ. 14.6, ಹಾಕದವರಲ್ಲಿ ಶೇ. 6.9. ಶಸ್ತ್ರಚಿಕಿತ್ಸೆಯ ಗಾಯದ ತೊಂದರೆ ಕ್ರಮವಾಗಿ ಶೇ. 3.9 ಮತ್ತು 12.2. ಇದನ್ನು ‘ಬುರುಡೆ ತೆಗೆಯುವ ಎರಡು ವಿಧಾನಗಳ ಹೋಲಿಕೆ’ ಎಂದು ಕನ್ನಡಿಸಿದರೆ ತಿರುಳೇ ಕಳೆದುಹೋಗುತ್ತದೆ.

ಸಂಸ್ಕೃತದ ದಾರಿ ಹಿಡಿದರೆ ಕಪಾಲಛೇದನ, ಕಪಾಲೋಚ್ಛೇದನ ಎನ್ನಬಹುದು. ಬರಹದಲ್ಲಿ ಬೇರೆಯಾಗಿ ಕಂಡರೂ ಫೋನಿನಲ್ಲಿ ಕೇಳಿದರೆ ಒಂದೇ. ಮೇಲಾಗಿ ‘ಉಚ್ಛೇದನ’ಕ್ಕೆ ನಿರ್ಮೂಲನದ ಛಾಯೆ ಇದೆ. ನನಗೆ ಸರಿಕಾಣುವುದು ‘ಬುರುಡೆ ತೆರೆದು ಮುಚ್ಚುವ ಶಸ್ತ್ರಚಿಕಿತ್ಸೆ’ ಮತ್ತು ‘ಬುರುಡೆಮೂಳೆ ಹೊರಗಿಡುವ ಶಸ್ತ್ರಚಿಕಿತ್ಸೆ’. ಮೊದಲು ‘ತೆಗೆದಿಡುವ’ ಎಂದುಕೊಂಡಿದ್ದೆ: ಆ ಮೂಳೆಯನ್ನು ಫ್ರೀಜರ್‌ನಲ್ಲೋ ರೋಗಿಯ ಹೊಟ್ಟೆಯ ಚರ್ಮದಡಿಯಲ್ಲೋ ಕಾಪಿಡುವುದುಂಟು, ಹಾಗಾಗಿ ಒಪ್ಪುತ್ತದೆ. ಆದರೆ ಮೂಳೆ ನುಚ್ಚುನೂರಾಗಿದ್ದರೆ, ಸೋಂಕು ತಗುಲಿದ್ದರೆ ಉಳಿಸಿಕೊಳ್ಳಲು ಆಗದು. ‘ಹೊರಗಿಡು’ ಎರಡಕ್ಕೂ ಸಲ್ಲುತ್ತದೆ. ತಿಂಗಳುಗಳ ಬಳಿಕ ಬುರುಡೆಯ ಖಾಲಿ ಜಾಗ ಮುಚ್ಚುವ ಕ್ರೇನಿಯೋಪ್ಲಾಸ್ಟಿಗೆ ‘ಮೂಳೆ ಕೂರಿಸುವುದು’ ಸಾಕು. ಟೈಟೇನಿಯಂ ಜಾಲರಿ ಹಾಕಿದರೆ ಮಾತ್ರ ‘ಬುರುಡೆ ಮುಚ್ಚಿಕೆ’ ಎನ್ನಬೇಕಾದೀತು.

ಚಿಕಿತ್ಸೆಯ ಬಳಿಕ ರೋಗಿ ಯಾವ ಸ್ಥಿತಿ ತಲುಪಿದರು ಎಂದು ಹೇಳುವ ಇನ್ನೂ ಕಷ್ಟದ ಪದ ‘ಔಟ್‌ಕಮ್’. ಫಲಿತಾಂಶ ಎಂದರೆ ಪರೀಕ್ಷೆ, ಚುನಾವಣೆ ನೆನಪಾಗುತ್ತದೆ. ಚೇತರಿಕೆ ಎಂದರೆ ಒಳ್ಳೆಯದಾಗಿದೆ ಎಂದು ಮೊದಲೇ ಒಪ್ಪಿದಂತೆ. ಮಿದುಳಿಗೆ ಪೆಟ್ಟು ಬಿದ್ದವರ ಸ್ಥಿತಿ ಅಳೆಯುವ ಗ್ಲಾಸ್ಗೋ ಔಟ್‌ಕಮ್ ಸ್ಕೇಲ್‌ನ ವಿಸ್ತೃತ ರೂಪದಲ್ಲಿ 8 ಮೆಟ್ಟಿಲುಗಳಿವೆ. 1 ಸಾವು, 2 ಅರಿವಿಲ್ಲದೆ ಜೀವ ಹಿಡಿದಿರುವ ಸ್ಥಿತಿ. ಇವನ್ನು ‘ಚೇತರಿಕೆಯ ಮಟ್ಟ’ ಎಂದು ಕರೆಯಲಾದೀತೇ?

ಮಿದುಳಿನ ಒತ್ತಡ ಇಳಿಸಲು ಮೂಳೆ ಹೊರಗಿಡುವುದನ್ನು ಔಷಧೋಪಚಾರದ ಜೊತೆ ಹೋಲಿಸಿದ 2016ರ ರೆಸ್ಕ್ಯೂ-ಐಸಿಪಿ ವರದಿಯನ್ನೇ ನೋಡಿ. 6 ತಿಂಗಳಿಗೆ ಸಾವು ಶೇ. 48.9ರಿಂದ 26.9ಕ್ಕೆ ಇಳಿಯಿತು, ಅರಿವಿಲ್ಲದ ಸ್ಥಿತಿಯಲ್ಲಿ ಉಳಿದವರು ಶೇ. 2.1ರಿಂದ 8.5ಕ್ಕೆ ಏರಿದರು. ಅಲ್ಲಿ ‘ಫೇವರಬಲ್’ (ಅನುಕೂಲಕರ) ಎಂದು ಎಣಿಸಿದ್ದು 4ನೇ ಮೆಟ್ಟಿಲಿನಿಂದ ಮೇಲಕ್ಕೆ. 4 ಎಂದರೆ ತೀವ್ರ ಅಂಗವೈಕಲ್ಯದ ಮೇಲ್ಭಾಗ: ಮನೆಯಲ್ಲಿ ಎಂಟು ತಾಸು ಒಬ್ಬರೇ ಇರಬಲ್ಲರು, ಆದರೆ ಅಂಗಡಿಗೆ ಹೋಗಲು, ಪ್ರಯಾಣ ಮಾಡಲು ಇನ್ನೊಬ್ಬರು ಬೇಕು. ಇದನ್ನು ‘ಗುಣಮುಖ’ ಎಂದು ಅನುವಾದಿಸುವುದು ಮನೆಯವರಿಗೆ ಮಾಡುವ ಅನ್ಯಾಯ. ಔಟ್‌ಕಮ್‌ಗೆ ‘ಉಳಿದ ಸ್ಥಿತಿ’ ಎಂದು ಹಾಕಿ ನೋಡಿದೆ. ಬದುಕುಳಿದವರಿಗೆ ಹೊಂದುತ್ತದೆ, ಸಾವಿಗೆ ಒಗ್ಗುವುದಿಲ್ಲ. ಸಾವನ್ನೂ ಪೂರ್ಣ ಚೇತರಿಕೆಯನ್ನೂ ಒಂದೇ ತಕ್ಕಡಿಯಲ್ಲಿ ಹಿಡಿಯುವ, ಒಳಿತು ಕೆಡುಕಿನ ಕಡೆಗೆ ವಾಲದ ಪದ ನಿಮ್ಮ ಕಡೆಯ ಮಾತಿನಲ್ಲಿ ಇದೆಯೇ?