ಮಡಿಕೇರಿಗೆ ವರ್ಗವಾಗಿದೆ: ವರ್ಷದ ಹವೆ ಹೇಗೆ, ಮನೆ ಎಲ್ಲಿ ಹಿಡಿಯಲಿ?

ಬಯಲುಸೀಮೆಯವ ಕೇಳಿದ್ದು:

ರಾಯಚೂರಿನಿಂದ ಮಡಿಕೇರಿಗೆ ವರ್ಗ ಆಗಿದೆ. ಜೂನ್ ಮೊದಲ ವಾರ ಹಾಜರಾಗಬೇಕು. ನೆಟ್‌ನಲ್ಲಿ ಎಲ್ಲಿ ನೋಡಿದರೂ 'ವರ್ಷಪೂರ್ತಿ ಹಿತಕರ ಹವೆ' ಅನ್ನೋ ಒಂದೇ ಸಾಲು. ನನಗೆ ಬೇಕಾದ್ದು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುತ್ತಾ, ನಡುವೆ ಬಿಡುವು ಇರುತ್ತಾ? ಕುಶಾಲನಗರದಲ್ಲಿ ಮನೆ ಮಾಡಿ ದಿನಾ ಓಡಾಡಬಹುದು ಅಂತಾರೆ, ಅದು ಸರಿಯೇ? ಬಾಡಿಗೆ ಮನೆ ನೋಡುವಾಗ ಏನು ಗಮನಿಸಬೇಕು? ಅಪ್ಪನಿಗೆ ಉಬ್ಬಸ ಇದೆ, ಯಾವ ತಿಂಗಳಲ್ಲಿ ಕರೆಸಿಕೊಂಡರೆ ಒಳ್ಳೆಯದು?

ಕಾಫಿಕಣ:

ಮೊದಲು ಅಳತೆ ಹೇಳಿಬಿಡ್ತೇನೆ. ನಿಮ್ಮ ರಾಯಚೂರಿಗೆ ವರ್ಷಕ್ಕೆ ಸುಮಾರು 600 ಮಿಮೀ ಮಳೆ. ಮಡಿಕೇರಿಗೆ 3,200ರ ಆಸುಪಾಸು, ಅದರಲ್ಲಿ ಜುಲೈ ಒಂದರಲ್ಲೇ ಹೆಚ್ಚುಕಡಿಮೆ 1,000. ಅಂದರೆ ನಿಮ್ಮ ಇಡೀ ವರ್ಷದ ಮಳೆ ಇಲ್ಲಿ ಜುಲೈಯ ಎರಡೂವರೆ ವಾರದಲ್ಲಿ ಮುಗಿದುಹೋಗುತ್ತೆ.

ಆದರೆ ನಾಲ್ಕು ತಿಂಗಳೂ ಒಂದೇ ಸಮ ಅಲ್ಲ. ನೀವು ಬರುವ ಹೊತ್ತಿಗೆ ರೋಹಿಣಿ ಮಳೆ ನಡೀತಿರುತ್ತೆ. ಮಧ್ಯಾಹ್ನದವರೆಗೆ ಸೆಕೆ, ಆಮೇಲೆ ಗುಡುಗು ಸಿಡಿಲು, ಒಂದು ಗಂಟೆ ಹೊಯ್ದು ನಿಲ್ಲುತ್ತೆ. ಇದು ಇನ್ನೂ ಮುಂಗಾರಲ್ಲ. ಗುಡುಗು ನಿಂತು, ಗಾಳಿ ಪಡುವಣದಿಂದ ಒಂದೇ ಸಮ ಬೀಸತೊಡಗಿ, ಹಗಲು ರಾತ್ರಿ ವ್ಯತ್ಯಾಸವಿಲ್ಲದೆ ಹನಿಯೋಕೆ ಶುರುವಾದರೆ ಮುಂಗಾರು ಕೂತಿತು ಅಂತ ಲೆಕ್ಕ. ಸಾಮಾನ್ಯವಾಗಿ ಮೃಗಶಿರಾ ಮಳೆಯಲ್ಲಿ (ಜೂನ್ ಎರಡು–ಮೂರನೇ ವಾರ), ಕೆಲವು ವರ್ಷ ಆರಿದ್ರಾಕ್ಕೆ (ಜೂನ್ ಕೊನೆ) ಜಾರುತ್ತೆ.

ನಿಜವಾದ ಮಳೆಗಾಲ ಪುನರ್ವಸು, ಪುಷ್ಯ, ಆಶ್ಲೇಷ: ಜುಲೈ 6ರ ಸುಮಾರಿನಿಂದ ಆಗಸ್ಟ್ ಮಧ್ಯದವರೆಗೆ. ಕೊಡವರ ಕಕ್ಕಡ ತಿಂಗಳು ಇದರೊಳಗೇ ಬರುತ್ತೆ. ಹಗಲು 20–21 ಡಿಗ್ರಿ, ರಾತ್ರಿ 17ರ ಹತ್ತಿರ. ಅಂಕಿ ನೋಡಿದರೆ ಚಳಿ ಅನ್ನಿಸಲ್ಲ, ಆದರೆ ಒದ್ದೆ ಗಾಳಿ ಮೈಗೆ ಹತ್ತುತ್ತೆ. ಹತ್ತು ದಿನ ಬಿಸಿಲಿನ ಮುಖ ಕಾಣದಿರುವುದು ಮಾಮೂಲು. ಮಘಾ ಬಂದ ಮೇಲೆ ಬಿಡುವು ಸಿಗುತ್ತೆ. ಸೆಪ್ಟೆಂಬರ್‌ನಲ್ಲಿ ಎರಡು ಗಂಟೆ ಬಿಸಿಲು, ಅರ್ಧ ಗಂಟೆ ಮಳೆ, ಹೀಗೆ.

ಅಕ್ಟೋಬರ್‌ನಲ್ಲಿ ಗುಡುಗು ಮತ್ತೆ ಬಂತು ಅಂದರೆ ಹಿಂಗಾರು. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವವರು ಕೊಡೆ ಬಿಟ್ಟು ಹೋಗೋದಿಲ್ಲ. ನವೆಂಬರ್ ನಡುವಿನಿಂದ ಆಕಾಶ ತೊಳೆದಿಟ್ಟ ಹಾಗೆ. ಆದರೂ ಹುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಎರಡು ಮೂರು ದಿನ ಮೋಡ ಮುಸುಕಿ ಜಿನುಗುತ್ತೆ, ಕಣದಲ್ಲಿ ಒಣಗಲು ಹರಡಿದ ಕಾಫಿ ಹಣ್ಣು ಬೂಸ್ಟು ಹಿಡಿಯುತ್ತೆ. ಡಿಸೆಂಬರ್–ಜನವರಿ ಬೆಳಗ್ಗೆ 12–14 ಡಿಗ್ರಿ, ಕೆಲವು ದಿನ ಇನ್ನೂ ಕೆಳಗೆ. ಒಂಬತ್ತು ಗಂಟೆವರೆಗೆ ಕಣಿವೆಯಲ್ಲಿ ಮಂಜು, ಆಮೇಲೆ ಚೊಕ್ಕ ಬಿಸಿಲು. ಮಾರ್ಚ್–ಏಪ್ರಿಲ್‌ನಲ್ಲಿ 28–29. ನಿಮಗೆ ಅದು ಬೇಸಿಗೆಯೇ ಅಲ್ಲ. ಆಗ ಬರುವುದು ಕಾಫಿ ಹೂ ಅರಳಿಸುವ ಹೂಮಳೆ. ಒಂದು ಇಂಚು ಇಪ್ಪತ್ತು ಸೆಂಟ್ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಬರೀ ಹತ್ತು ಇಪ್ಪತ್ತು ಸೆಂಟ್ ಬಿದ್ದರೆ ಮೊಗ್ಗು ಅರಳದೆ ಕರಟುತ್ತೆ. ಆ ತಿಂಗಳಲ್ಲಿ ಊರಿನವರೆಲ್ಲ ಆಕಾಶ ನೋಡಿ ಮಾತಾಡೋದು ಯಾಕೆ ಅಂತ ನಿಮಗೇ ಗೊತ್ತಾಗುತ್ತೆ.

ಘಾಟಿದಾರಿ:

ಕಾಫಿಕಣ ಹೇಳಿದ್ದು ಮಡಿಕೇರಿ ಪೇಟೆಗೆ ಮಾತ್ರ, ಮಾರಾಯ್ರೇ. ಕೊಡಗಿಗೆಲ್ಲ ಒಂದೇ ಹವೆ ಅಂತ ತಿಳಿದುಕೊಳ್ಳಬೇಡಿ. ಮಡಿಕೇರಿಯಿಂದ ಪಡುವಣಕ್ಕೆ ಭಾಗಮಂಡಲ ಸುಮಾರು 35 ಕಿಮೀ, ಅಲ್ಲಿ ವರ್ಷಕ್ಕೆ 6,000 ಮಿಮೀ ಹತ್ತಿರ. ಮೂಡಣಕ್ಕೆ ಕುಶಾಲನಗರ 30 ಕಿಮೀ, ಅಲ್ಲಿ 1,000ದ ಆಸುಪಾಸು. ಅರಬ್ಬೀ ಸಮುದ್ರದ ಒದ್ದೆ ಗಾಳಿ ಬೆಟ್ಟದ ಸಾಲು ಹತ್ತುವಾಗ ತಣ್ಣಗಾಗಿ ಇದ್ದ ನೀರನ್ನೆಲ್ಲ ಪಡುವಣ ಬದಿಗೇ ಇಳಿಸಿಬಿಡುತ್ತೆ. ಸಾಲು ದಾಟಿ ಇಳಿಯುವಾಗ ಅದೇ ಗಾಳಿ ಬಿಸಿಯಾಗಿ ಒಣಗುತ್ತೆ. ಹಾಗಾಗಿ ಮಡಿಕೇರಿಯಲ್ಲಿ ಜಡಿ ಹಿಡಿದ ದಿನ ಕುಶಾಲನಗರದಲ್ಲಿ ಬಟ್ಟೆ ಒಣಗುವುದುಂಟು. ಎತ್ತರವೂ ಬೇರೆ: ಮಡಿಕೇರಿ ಸುಮಾರು 1,150 ಮೀಟರ್, ಕುಶಾಲನಗರ 830ರ ಹತ್ತಿರ.

ಓಡಾಟ ಸಾಧ್ಯ. ಮಳೆಗಿಂತ ಮಂಜಿನದ್ದೇ ಕಷ್ಟ. ಬೋಯಿಕೇರಿಯಿಂದ ಮೇಲೆ ಜುಲೈಯಲ್ಲಿ ಸಂಜೆ ಆರರ ನಂತರ ಇಪ್ಪತ್ತು ಮೀಟರ್ ಮುಂದೆ ಕಾಣದ ದಿನಗಳಿರುತ್ತವೆ. ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ತಿರುಗುತ್ತೆ, ಲೋಬೀಮ್‌ನಲ್ಲೇ ಹೋಗಿ. ಗಾಜಿನ ಒಳಬದಿ ಬೆವರಿದರೆ ಎಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಒರೆಸುತ್ತಾ ಕೂರಬೇಡಿ. ವೈಪರ್ ರಬ್ಬರ್ ಮೇ ತಿಂಗಳಲ್ಲೇ ಬದಲಾಯಿಸಿ.

ಮತ್ತೊಂದು. ಕುಶಾಲನಗರಕ್ಕೆ ಮಳೆ ಕಡಿಮೆ, ನೆರೆ ಕಡಿಮೆ ಅಲ್ಲ. ಭಾಗಮಂಡಲದಲ್ಲಿ ಬಿದ್ದ ನೀರು ಕಾವೇರಿಯಲ್ಲಿ ಅಲ್ಲಿಗೇ ಬರೋದು. 2018, 2019ರ ಆಗಸ್ಟ್‌ನಲ್ಲಿ ಹೊಳೆ ಬದಿಯ ಬಡಾವಣೆಗಳಿಗೆ ನೀರು ನುಗ್ಗಿತ್ತು. ಮನೆ ಒಪ್ಪುವ ಮೊದಲು ಮಾಲೀಕರನ್ನಲ್ಲ, ಪಕ್ಕದ ಅಂಗಡಿಯವರನ್ನು ಕೇಳಿ: ಆ ವರ್ಷ ನೀರು ಎಲ್ಲಿವರೆಗೆ ಬಂದಿತ್ತು ಅಂತ.

ಹಂಚಿನಮಾಡು:

ಮಡಿಕೇರಿಯಲ್ಲೇ ಮನೆ ಹಿಡಿಯುವುದಾದರೆ ಮೊದಲು ನೋಡಬೇಕಾದ್ದು ಪಡುವಣ ಗೋಡೆ. ಮಳೆ ಇಲ್ಲಿ ಮೇಲಿಂದ ಬೀಳಲ್ಲ, ಪಕ್ಕದಿಂದ ಹೊಡೆಯುತ್ತೆ. ಹಳಬರು ಆ ಗೋಡೆಗೆ ಹೊರಗಿಂದ ಶೀಟ್ ಹೊಡೆಸುವುದು ಅದಕ್ಕೇ. ಬೇಸಿಗೆಯಲ್ಲಿ ಮನೆ ನೋಡುವಾಗ ನಾಲ್ಕು ಗೋಡೆಯಲ್ಲಿ ಒಂದಕ್ಕೆ ಮಾತ್ರ ಹೊಸ ಪೇಂಟ್ ಇದ್ದರೆ ಅನುಮಾನ ಪಡಿ. ಗೋಡೆಗೆ ಸೇರಿದ ಕಪಾಟಿನ ಬಾಗಿಲು ತೆಗೆದು ಮೂಸಿ ನೋಡಿ, ಬೂಸ್ಟಿನ ವಾಸನೆ ಪೇಂಟಿಗೆ ಮುಚ್ಚಿಹೋಗಲ್ಲ.

ತಾರಸಿಗಿಂತ ಇಳಿಜಾರು ಮಾಡು (ಛಾವಣಿ) ಒಳ್ಳೆಯದು. ಹಂಚಿನ ಮನೆಯಾದರೆ ಎರಡು ಮಾಡು ಕೂಡುವ ಸಂದಿಯ ತಗಡು ನೋಡಿ, ಸೋರೋದು ನೂರಕ್ಕೆ ತೊಂಬತ್ತು ಅಲ್ಲೇ. ಸಿಲ್ವರ್ ಓಕ್ ಎಲೆ ಅಲ್ಲಿ ತುಂಬಿ ನೀರು ಹಿಂದಕ್ಕೆ ಹತ್ತುತ್ತೆ. ಮೇ ಕೊನೆಗೆ ಒಮ್ಮೆ, ಜುಲೈ ಬಿಡುವಿನಲ್ಲಿ ಇನ್ನೊಮ್ಮೆ ಎಲೆ ತೆಗೆಸಬೇಕು. ಲೆಕ್ಕ ಹಾಕಿ: ಒಂದು ಚದರ ಮೀಟರಿಗೆ ಒಂದು ಮಿಮೀ ಮಳೆ ಅಂದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಮಾಡಿಗೆ ವರ್ಷಕ್ಕೆ 3 ಲಕ್ಷ ಲೀಟರ್ ಮೀರುತ್ತೆ. ಅಷ್ಟೂ ನೀರು ಇಳಿದು ಹೋಗುವ ಕಣಿ (ಚರಂಡಿ) ಎಲ್ಲಿದೆ ಅಂತ ಕಣ್ಣಾರೆ ನೋಡಿ.

ಮನೆ ಹಿಂದೆ ಜೆಸಿಬಿಯಲ್ಲಿ ನೇರ ಕಡಿದ ಬರೆ (ಗುಡ್ಡದ ಮಣ್ಣಿನ ಗೋಡೆ) ಇದ್ದರೆ ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಬೇಡ. ಬರೆ ಕುಸಿತ ಹೆಚ್ಚು ಆಗೋದು ಮಳೆ ಶುರುವಾದಾಗ ಅಲ್ಲ, ಜೂನ್ ಜುಲೈ ನೀರು ಕುಡಿದ ಮಣ್ಣಿನ ಮೇಲೆ ಆಗಸ್ಟ್‌ನಲ್ಲಿ ಒಮ್ಮೆಲೇ ಜೋರು ಬಿದ್ದಾಗ. ಬರೆಯ ಮೇಲೆ ಬಿರುಕು, ಮರ ಅಥವಾ ಕಂಬ ವಾಲುವುದು, ಇಲ್ಲದ ಕಡೆ ಜಲ ಎದ್ದು ಕೆಸರು ನೀರು ಬರುವುದು, ತೆಗೆಯಲು ಬರುತ್ತಿದ್ದ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯುವುದು: ಇವುಗಳಲ್ಲಿ ಒಂದು ಕಂಡರೂ ಅವತ್ತೇ ಜಾಗ ಖಾಲಿ ಮಾಡಬೇಕು, ಬೆಳಗಾಗಲಿ ಅಂತ ಕಾಯಬಾರದು.

ಬಯಲುಸೀಮೆಯವ:

ಎಲ್ಲರಿಗೂ ಧನ್ಯವಾದ. ಈ 'ಇಂಚು, ಸೆಂಟ್' ಯಾವ ಲೆಕ್ಕ? ಅಪ್ಪನ ವಿಷಯ ಯಾರೂ ಹೇಳಲಿಲ್ಲ.

ಮಳೆಮಾಪಕ:

ಇಂಚನ್ನು ನೂರು ಭಾಗ ಮಾಡಿದರೆ ಒಂದು ಸೆಂಟ್. ಇಂಚಿಗೆ 25.4 ಮಿಮೀ, ಹಾಗಾಗಿ ಒಂದು ಇಂಚು ಇಪ್ಪತ್ತು ಸೆಂಟ್ ಅಂದರೆ ಸುಮಾರು 30 ಮಿಮೀ. ತೋಟದವರು ಇಂದಿಗೂ ಇದರಲ್ಲೇ ಮಾತಾಡ್ತಾರೆ, ಇಲಾಖೆ ಮಿಮೀಯಲ್ಲಿ ಕೊಡುತ್ತೆ. ಪೇಪರಿನಲ್ಲಿ ಬರುವ 'ಇಂದಿನ ಮಳೆ' ನಿನ್ನೆ ಬೆಳಗ್ಗೆ 8.30ರಿಂದ ಇವತ್ತು 8.30ರವರೆಗಿನದು, ಇದು ಗೊತ್ತಿಲ್ಲದೆ ಜನ ಜಗಳ ಆಡ್ತಾರೆ. ಹವಾಮಾನ ಇಲಾಖೆಯ ಭಾಷೆಯಲ್ಲಿ 24 ಗಂಟೆಗೆ 64.5 ಮಿಮೀ ದಾಟಿದರೆ ಭಾರಿ, 115.6ರಿಂದ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ ಮಳೆ.

ಉಬ್ಬಸಕ್ಕೆ ಚಳಿಗಿಂತ ಬೂಸ್ಟು ಕೆಟ್ಟದ್ದು. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಗಾಳಿ ಒಣ, ಆದರೆ ವಾಕಿಂಗ್ ಬೆಳಗ್ಗೆ ಆರಕ್ಕಲ್ಲ, ಮಂಜು ಕರಗಿದ ಮೇಲೆ. ಕರೆಸುವ ಮುಂಚೆ ಹಾಸಿಗೆ, ದಿಂಬು, ರಗ್ಗು ಎರಡು ಮೂರು ದಿನ ಬಿಸಿಲಿಗೆ ಹಾಕಿ, ಮಳೆಗಾಲದಲ್ಲಿ ಮುಚ್ಚಿಟ್ಟಿದ್ದ ಕೋಣೆಯ ಕಪಾಟುಗಳನ್ನು ಒರೆಸಿ ತೆರೆದಿಡಿ. ಅವರ ಡಾಕ್ಟರನ್ನೂ ಒಂದು ಮಾತು ಕೇಳಿ, ಇನ್‌ಹೇಲರ್ ಒಂದು ಹೆಚ್ಚೇ ತರಲಿ.