ಅಪ್‌ಡೇಟ್: ಓಟಿಎಸ್ ಹಣ ಕಟ್ಟಿದ ಮೇಲೂ ಬಂದ ನೋಟಿಸ್ ಏನಾಯ್ತು

ಅಂಗಡಿ ಸಾಲಕ್ಕೆ ಬ್ಯಾಂಕೇ ಒನ್ ಟೈಮ್ ಸೆಟಲ್‌ಮೆಂಟ್ (ಓಟಿಎಸ್, ಅಂದರೆ ಬಾಕಿಗಿಂತ ಕಡಿಮೆ ಮೊತ್ತಕ್ಕೆ ಒಪ್ಪಿ ಸಾಲ ಮುಗಿಸೋದು) ಪತ್ರ ಕೊಟ್ಟಿತ್ತು. ಹಣ ಪೂರ್ತಿ ಕಟ್ಟಿದ ಮೇಲೆ ಬಡ್ಡಿ ಬಾಕಿ ಅಂತ ಸರ್ಫೇಸಿ ಕಾಯ್ದೆಯ (ಅಡವಿಟ್ಟ ಆಸ್ತಿಯಿಂದ ಬ್ಯಾಂಕ್ ಸಾಲ ವಸೂಲು ಮಾಡೋ ಕಾನೂನು) ಸೆಕ್ಷನ್ 13(2)ರ ನೋಟಿಸ್, ಅಂದರೆ ಬಾಕಿ ಕಟ್ಟಿ ಅನ್ನೋ ನೋಟಿಸ್ ಬಂತು. ಏನು ಮಾಡಲಿ ಅಂತ ಕೇಳಿದ್ದೆ, ನೆನಪಿರಬಹುದು.

ಕೆಲವರು ಸೀದಾ ಡಿಆರ್‌ಟಿಗೆ (ಸಾಲ ವಸೂಲಾತಿ ನ್ಯಾಯಮಂಡಳಿ) ಹೋಗಿ ಅಂದಿದ್ದಿರಿ. ವಕೀಲರು ಬೇಡ ಅಂದರು. ಬ್ಯಾಂಕ್ ಅದೇ ಕಾಯ್ದೆಯ 13(4)ರಡಿ ಆಸ್ತಿಗೆ ಕೈ ಹಾಕಿದ ಮೇಲಷ್ಟೇ ಅಲ್ಲಿ ಅರ್ಜಿ, ಅದೂ 45 ದಿನದೊಳಗೆ. ಅದಕ್ಕೂ ಮೊದಲು 13(3ಎ) ಪ್ರಕಾರ ಆಕ್ಷೇಪಣೆ ಕೊಡಬೇಕು. ಬ್ಯಾಂಕ್ ಒಪ್ಪದಿದ್ದರೆ 15 ದಿನದಲ್ಲಿ ಕಾರಣ ತಿಳಿಸಬೇಕು. ಸೆಟಲ್‌ಮೆಂಟ್ ಪತ್ರ, ಸೀಲ್ ಬಿದ್ದ ಚಲನ್ ಎಲ್ಲ ಲಗತ್ತಿಸಿ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಿದೆವು.

ಆಮೇಲೆ ಗೊತ್ತಾಯ್ತು ನೋಡಿ: ಕೊನೆಯ ಕಂತು ಸಾಲದ ಖಾತೆಗೆ ಹೋಗದೆ ಬ್ಯಾಂಕಿನದೇ ಬೇರೊಂದು ಖಾತೆಯಲ್ಲಿ ಸುಮ್ನೆ ಕೂತಿತ್ತು! ನೋಟಿಸ್ ವಾಪಸ್ ಪಡೆದರು, ಎನ್‌ಒಸಿ (ಇನ್ನು ಬಾಕಿ ಇಲ್ಲ ಅನ್ನೋ ಪತ್ರ) ಕೊಟ್ಟರು. ಕ್ಷಮೆ ಮಾತ್ರ ಇಲ್ಲ.

ಒಂದು ಮಾತು. ಓಟಿಎಸ್ ಹಕ್ಕು ಅಂತ ಕೇಳೋಕೆ ಬರಲ್ಲ, 2021ರಲ್ಲಿ ಸುಪ್ರೀಂ ಕೋರ್ಟ್ ಹಾಗಂದಿದೆ. ನನ್ನ ಕೈಯಲ್ಲಿ ಮಂಜೂರಾದ ಪತ್ರ ಇತ್ತು, ಅದು ಬೇರೆ.

ಸಿಬಿಲ್‌ನಲ್ಲಿ (ಸಾಲದ ಇತಿಹಾಸದ ದಾಖಲೆ) ‘ಕ್ಲೋಸ್ಡ್’ ಬದಲು ‘ಸೆಟಲ್ಡ್’, ಅಂದರೆ ಪೂರ್ತಿ ತೀರಿಸದೆ ರಾಜಿಯಲ್ಲಿ ಮುಗಿದದ್ದು ಅಂತಿದೆ. ಹೊಸ ಸಾಲಕ್ಕೆ ಅದು ಅಡ್ಡಿಯೇ. ಬ್ಯಾಂಕಿನಲ್ಲಿ ಅಡವಿಟ್ಟ ಕ್ರಯಪತ್ರ ಇನ್ನೂ ವಾಪಸ್ ಬಂದಿಲ್ಲ. ವೈಯಕ್ತಿಕ ಸಾಲ ತೀರಿದ ಮೇಲೆ ಬ್ಯಾಂಕಿನ ತಪ್ಪಿಂದ 30 ದಿನ ಮೀರಿದರೆ ದಿನಕ್ಕೆ 5,000 ರೂಪಾಯಿ ಅವರೇ ಕೊಡಬೇಕು ಅಂತ ಆರ್‌ಬಿಐ ನಿಯಮ ಇದೆ; ಅಂಗಡಿ ಸಾಲಕ್ಕೆ ಅದು ಅನ್ವಯಿಸದೆಯೂ ಇರಬಹುದು. ಆದರೂ ಅದನ್ನು ಬ್ಯಾಂಕಿಗೆ ಬರೆದು ಕಳಿಸಿದ್ದೇನೆ.